ಅತ್ತೆಯ ಲೋಟ

ಬೆಳಿಗ್ಗೆ ಒಲೆ ಹಚ್ಚಲು ಬಂದ ಸೊಸೆಗೆ ಅಡುಗೆಮನೆಯ ಹಿಂದಿನ ಕಿಟಕಿಯಲ್ಲಿ ಒಂದು ಗಾಜಿನ ಲೋಟ ಕಂಡಿತು. ಲೋಟದ ತುಂಬ ನೀರು. ನೀಲಿ ಗೆರೆಯ, ಅಂಚು ಒಂದು ಕಡೆ ಮುಕ್ಕಾದ ಆ ಲೋಟವನ್ನು ಅವಳು ಮರೆಯುವ ಹಾಗೇ ಇರಲಿಲ್ಲ. ಅತ್ತೆ ಬದುಕಿದ್ದಷ್ಟು ಕಾಲ ಬೆಳಗಾದರೆ ಅದು ಅಲ್ಲೇ, ಮುಕ್ಕಾದ ಕಡೆಯನ್ನು ಗೋಡೆಗೆ ತಿರುಗಿಸಿಕೊಂಡು ಕೂತಿರುತ್ತಿತ್ತು. ಅತ್ತೆ ತೀರಿಕೊಂಡು ಮೂರು ವರ್ಷವಾಗಿತ್ತು. ಅವರನ್ನು ಮಣ್ಣು ಮಾಡಿ ಬಂದ ಮಾರನೇ ದಿನವೇ ಸೊಸೆ ಲೋಟವನ್ನು ತೊಳೆದು ಮೇಲಿನ ಹಲಗೆಗೆ ಏರಿಸಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇವತ್ತೂ ಮುಕ್ಕು ಗೋಡೆಯ ಕಡೆಗೇ ಇತ್ತು.

ತಿಂಡಿಗೆ ಕೂತಾಗ ಕೇಳಿದಳು. "ಲೋಟ ಯಾರಿಟ್ಟಿದ್ದು?"

ಗಂಡ ಬ್ರೆಡ್ಡಿನ ತುಂಡನ್ನು ಚಹಾದಲ್ಲಿ ಅದ್ದುತ್ತ, ಯಾವ ಲೋಟ, ನಾನಲ್ಲ ಎಂದ. ಮಗಳಿಗೆ ನೀರು ಕಂಡರೆ ಮನೆ ಮರೆತುಹೋಗುತ್ತಿತ್ತು; ಅದಕ್ಕೇ ಎಲ್ಲರೂ ಅವಳನ್ನು ಬಾತು ಎಂದೇ ಕರೆಯುತ್ತಿದ್ದರು. ತಾನು ಏಳುವುದೇ ಅಮ್ಮ ಎರಡು ಸಲ ಕೂಗಿದ ಮೇಲೆ, ತನ್ನನ್ನೇಕೆ ಕೇಳುವುದು ಎಂದು ಅವಳ ತಕರಾರು. ಉಳಿದವರು ಮಾವ. ಮಾವನನ್ನು ಕೇಳುವ ಹಾಗಿರಲಿಲ್ಲ. ಮಗನ ಮೇಲಿನ ಸಿಟ್ಟಿಗೆ ಅವರು ಮಾತು ಬಿಟ್ಟಿದ್ದರು, ಊಟ ತಿಂಡಿ ಎಲ್ಲ ತಮ್ಮ ಕೋಣೆಯಲ್ಲೇ. ಸೊಸೆಯೂ ಮಗನ ಪಕ್ಷವೇ ಆದ್ದರಿಂದ ತಟ್ಟೆ ಕೊಂಡೊಯ್ದರೆ ಅವಳಿಗೆ ಸಿಗುತ್ತಿದ್ದದ್ದು ಬರೀ ಒಂದು ತಲೆಯಾಟ.

ಸಿಟ್ಟು ಕೊಳದ್ದು. ಮಾವ ಬುಲ್ಡೋಜರ್ ಓಡಿಸುತ್ತಿದ್ದವರು. ಜೀವಮಾನವಿಡೀ ಬೇರೆಯವರ ರಸ್ತೆಗೆ, ಬೇರೆಯವರ ಕಟ್ಟೆಗೆ ಮಣ್ಣು ತಳ್ಳಿ, ಕೊನೆಗೆ ತಮಗೂ ಒಂದಿರಲಿ ಎಂದು ಎರಡು ಗುಡ್ಡಗಳ ನಡುವಿನ ತಗ್ಗನ್ನು ಕೊಂಡು, ಅಲ್ಲಿ ಹರಿಯುತ್ತಿದ್ದ ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಏರಿ ಹಾಕಿದರು. ಏರಿಯ ಆಚೆ ಕೊಳ, ಈಚೆ ಮನೆ. ಮನೆಯ ಸೂರಿಗಿಂತ ಕೊಳದ ನೀರು ಮೇಲೆ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಆಕಾಶಕ್ಕಿಂತ ಮೊದಲು ಏರಿಯ ಹಸಿರು ಇಳಿಜಾರೇ ಕಣ್ಣಿಗೆ ಬಡಿಯುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಯಾರೋ ಬೆನ್ನು ಹಾಕಿ ನಿಂತ ಹಾಗೆ ಅನ್ನಿಸುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಯಾವುದು ತಾನೇ ಅಭ್ಯಾಸವಾಗುವುದಿಲ್ಲ.

ಕೊಳದಲ್ಲಿ ದೋಣಿ ಬಿಟ್ಟರೆ ಜನ ಬರುತ್ತಾರೆ ಎಂದು ಮೊದಲು ಹೇಳಿದವಳು ಅವಳೇ. ಹೊಲಿಗೆ ಕಾರ್ಖಾನೆಯಲ್ಲಿ ದಿನವಿಡೀ ಕಾಲರು ಹೊಲಿದು ಹೊಲಿದು ಅವಳ ಕತ್ತು ಹಿಡಿದುಹೋಗಿತ್ತು. ಗಂಡನಿಗೆ ಟೈಲ್ಸ್ ಕೂರಿಸಿ ಮಂಡಿ ಸವೆದಿತ್ತು. ಇಬ್ಬರೂ ಕೆಲಸ ಬಿಟ್ಟು, ಕಾಲಲ್ಲಿ ತುಳಿಯುವ ಹಂಸದಾಕಾರದ ದೋಣಿಗಳನ್ನು ತಂದು, ದಡದಲ್ಲಿ ಒಂದು ಚಹಾ ಅಂಗಡಿ ಹಾಕಿದರು. ಮೊದಲ ಬಾರಿಗೆ ತನ್ನ ಹೊತ್ತಿಗೆ ತಾನೇ ಯಜಮಾನಿ ಎಂದು ಅವಳಿಗೆ ಅನ್ನಿಸಿದ್ದು ಆ ಅಂಗಡಿಯಲ್ಲಿ. ಅದನ್ನು ಬಿಟ್ಟುಕೊಟ್ಟು ಮತ್ತೆ ಆ ಮೆಷಿನ್ನಿನ ಮುಂದೆ ಕೂರುವುದೆಂದರೆ ಅವಳಿಗೆ ಜೀವ ಹೋದಷ್ಟು ಕಷ್ಟ.

ಅಂಗಡಿಯಿಂದ ನೀರು ಕಾಣಲು ಅಡ್ಡವಾಗಿದ್ದದ್ದು ಏರಿಯ ಮೇಲಿನ ಒಂದೇ ಒಂದು ಮರ. ಅತ್ತೆ ಅದನ್ನು ಮುಟ್ಟಗೊಟ್ಟಿರಲಿಲ್ಲ. ಏರಿ ಮೇಲೆ ಮರ ಬೆಳೆಯಲು ಬಿಟ್ಟದ್ದು ಒಂದು ತಪ್ಪು, ಬೆಳೆದ ಮೇಲೆ ಕಡಿಯುವುದು ಅದಕ್ಕಿಂತ ದೊಡ್ಡ ತಪ್ಪು ಎನ್ನುತ್ತಿದ್ದರು. ಅವರು ತೀರಿಕೊಂಡ ವರ್ಷವೇ ಗಂಡ ಅದನ್ನು ಕಡಿಸಿದ. ಬುಡದ ಮೋಟು ಹಾಗೇ ಉಳಿಯಿತು. ಆಗ ಮಾವ ಗೊಣಗಿ ಸುಮ್ಮನಾಗಿದ್ದರು. ಈ ವರ್ಷ ಅವನು ಕೋಡಿಗೆ ಹಲಗೆ ಹಾಕಿದಾಗ ಮಾತ್ರ ಸುಮ್ಮನಾಗಲಿಲ್ಲ. ಕೋಡಿಯೆಂದರೆ ಏರಿಯ ಕೊನೆಯಲ್ಲಿ ಹೆಚ್ಚಿನ ನೀರು ಹೊರಗೆ ಹೋಗಲು ಬಿಟ್ಟ ದಾರಿ. ಅದಕ್ಕೆ ಹಲಗೆ ಅಡ್ಡ ಕೊಟ್ಟರೆ ಕೊಳದ ನೀರು ಏರುತ್ತದೆ, ಬೇಸಿಗೆಯಲ್ಲೂ ದೋಣಿಗೆ ಕೆಸರು ತಾಗುವುದಿಲ್ಲ ಎಂದು ಗಂಡನ ಲೆಕ್ಕಾಚಾರ.

"ಕೋಡಿ ಅಂದ್ರೆ ಕೊಳದ ಬಾಯಿ ಕಣೋ," ಎಂದಿದ್ದರು ಮಾವ, ಅನ್ನದ ತಟ್ಟೆಯನ್ನು ಮುಂದಕ್ಕೆ ತಳ್ಳಿ. "ಬಾಯಿ ಮುಚ್ಚಿ ಕುಡಿಸಿದ್ರೆ ಹೊಟ್ಟೆ ಒಡೆಯುತ್ತೆ."

"ಇಪ್ಪತ್ತು ವರ್ಷದಿಂದ ನಿಂತಿರೋ ಏರಿ ಅಪ್ಪ. ಎರಡು ಹಲಗೆಗೆ ಏನಾಗುತ್ತೆ?"

"ಏರಿ ಹಾಕಿದವನು ನಾನಾ ನೀನಾ?"

"ಹಾಕಿದವರು ನೀವು. ಅದರಿಂದ ಮನೆ ನಡೆಸ್ತಿರೋನು ನಾನು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಎಂಬ ಗಾದೆ ಈ ಮನೆಯನ್ನು ನೋಡಿಯೇ ಹುಟ್ಟಿರಬೇಕು. ಅಪ್ಪ ಏರಿಯ ಕಡೆ, ಮಗ ನೀರಿನ ಕಡೆ. ಆವತ್ತು ಎದ್ದುಹೋದ ಮಾವ ಮತ್ತೆ ಊಟದ ಮೇಜಿಗೆ ಬರಲಿಲ್ಲ.

ಅದಾದ ಒಂದು ವಾರಕ್ಕೆ ಲೋಟ ಬಂತು.

ಸೊಸೆ ನೀರನ್ನು ಹೊರಗಿನ ಗಿಡಕ್ಕೆ ಚೆಲ್ಲಿ, ಲೋಟವನ್ನು ತೊಳೆದು ಹಲಗೆಯ ಮೇಲೆ ಬೋರಲು ಹಾಕಿದಳು. ಮರುದಿನ ಬೆಳಿಗ್ಗೆ ಅದು ಮತ್ತೆ ಕಿಟಕಿಯಲ್ಲಿತ್ತು. ಅದರ ಮರುದಿನವೂ. ಹಿಂಬಾಗಿಲಿನ ಅಗುಳಿ ತೆಗೆದಿರುತ್ತಿತ್ತು. ಬಾಗಿಲಿನಿಂದ ಕಿಟಕಿಯವರೆಗೆ ನೆಲದ ಮೇಲೆ ಒದ್ದೆ. ಹೆಜ್ಜೆಯ ಗುರುತು ಎನ್ನಲು ಆಕಾರವಿಲ್ಲ, ನೀರು ತುಳುಕಿದ್ದು ಎನ್ನಲು ಸಾಲಾಗಿದೆ. ಅವಳು ನೆಲ ಒರೆಸುತ್ತಾ, ತನಗೆ ಹೆದರಿಕೆಯಾಗುತ್ತಿದೆ ಎಂಬುದನ್ನು ಒಪ್ಪಿಕೊಂಡಳು. ಬದುಕಿದ್ದಾಗಲೇ ಅತ್ತೆಯ ಜೊತೆ ಅವಳಿಗೆ ಸರಿಬೀಳುತ್ತಿರಲಿಲ್ಲ. ಯಾಕೆ ಈ ಲೋಟ ಇಡುತ್ತೀರಿ ಎಂದು ಕೇಳಿದ್ದಕ್ಕೆ "ಮನೆ ಕಾಯೋಕೆ" ಎಂದಿದ್ದರು ಅತ್ತೆ. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದಳು. ಅತ್ತೆ ಅದನ್ನು ನೋಡಿದ್ದರು. ಆಮೇಲೆ ಎಷ್ಟು ಕೇಳಿದ್ದರೂ ಹೇಳುತ್ತಿರಲಿಲ್ಲವೇನೋ, ಅವಳೂ ಕೇಳಲಿಲ್ಲ.

ಒಂದು ಸಂಜೆ ಅವಳು ಲೋಟವನ್ನು ಹಳೇ ಬಟ್ಟೆಯಲ್ಲಿ ಸುತ್ತಿ, ಮಾವನ ಮಂಚದ ಕೆಳಗಿದ್ದ ಅತ್ತೆಯ ಟ್ರಂಕಿನೊಳಗೆ, ಮಡಿಸಿಟ್ಟ ಬಟ್ಟೆಗಳ ತಳಕ್ಕೆ ತುರುಕಿದಳು. ಕೋಣೆ ಗುಡಿಸುವ ನೆವದಲ್ಲಿ ಮಾಡಿದ ಕೆಲಸ. ಮಾವ ಹೊರಗೆ ಬಿಸಿಲಿಗೆ ಕೂತಿದ್ದರು. ಬೆಳಿಗ್ಗೆ ಲೋಟ ಕಿಟಕಿಯಲ್ಲಿತ್ತು. ಸುತ್ತಿದ ಹಳೇ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪಕ್ಕದಲ್ಲಿ ಇಟ್ಟಿತ್ತು.

ಮೈ ಜುಮ್ಮೆಂದರೂ ಆಮೇಲೆ ಅವಳಿಗೆ ಒಂದು ಬಗೆಯ ಸಮಾಧಾನವಾಯಿತು. ಟ್ರಂಕು ಇರುವುದು ಮಾವನ ಕೋಣೆಯಲ್ಲಿ. ಅಂದ ಮೇಲೆ ಮಾವನದೇ ಕೆಲಸ. ಹೆಂಡತಿಯ ನೆನಪಿಗೆ ಮುದುಕರು ಏನೇನೋ ಮಾಡುತ್ತಾರೆ. ಗಂಡನಿಗೆ ಹಾಗೇ ಹೇಳಿದಳು.

"ಇಟ್ಟುಕೊಳ್ಳಲಿ ಬಿಡು," ಎಂದ ಅವನು. "ಕೋಡಿ ಹಲಗೆಯ ಮಾತು ಬಿಟ್ಟರಲ್ಲ, ಅಷ್ಟು ಸಾಕು."

ಅದು ನಿಜವೇ. ಮೊದಲೆಲ್ಲ ಮಗ ಕೊಳದ ಕಡೆ ಹೊರಟರೆ ಕೋಣೆಯೊಳಗಿಂದ ಕೆಮ್ಮಿ, ಕೋಲು ಕುಟ್ಟಿ ರಂಪ ಮಾಡುತ್ತಿದ್ದ ಮಾವ ಈಗ ಶಾಂತವಾಗಿದ್ದರು. ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಅಡುಗೆಮನೆಯ ಕಿಟಕಿಯ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದರು. ಸೊಸೆಯನ್ನು ನೋಡಿದರೆ ಕಣ್ಣಲ್ಲಿ ಕೊಂಚ ನಗು ಕೂಡ. ಹೀಗೆ ದಿನ ನಡೆಯಿತು. ಅವಳು ಒಲೆ ಹಚ್ಚಿ, ನೀರು ಚೆಲ್ಲಿ, ಲೋಟ ತೊಳೆದು ಕೆಲಸಕ್ಕೆ ತೊಡಗುವಳು.

ಕೊಳದ ಕಡೆ ಮಾತ್ರ ಏನೋ ಒಂದು ಸರಿಯಿರಲಿಲ್ಲ. ಸಂಜೆ ಕಟ್ಟಿಹಾಕಿದ ಹಂಸಗಳಲ್ಲಿ ಒಂದು ಬೆಳಗಾಗುವಷ್ಟರಲ್ಲಿ ಹಗ್ಗ ಸಡಿಲಿಸಿಕೊಂಡು ಏರಿಯ ಹತ್ತಿರ ಹೋಗಿರುತ್ತಿತ್ತು. ಪ್ರತಿ ಸಲವೂ ಅದೇ ಜಾಗ. ಕಡಿದ ಮರದ ಮೋಟಿನ ಎದುರು, ಕೊಕ್ಕನ್ನು ದಂಡೆಗೆ ಆನಿಸಿಕೊಂಡು, ಒಳಗೆ ಬಿಡಿ ಎನ್ನುವ ಹಾಗೆ. ಗಂಡ ಗಾಳಿ ಎಂದ. ಗಾಳಿ ಬೀಸುತ್ತಿದ್ದದ್ದು ಎದುರು ದಿಕ್ಕಿಗೆ. ಅಲ್ಲಿ ನೀರಿನ ಮೇಲೆ ಬಿದ್ದ ಎಲೆಗಳು ಎಲ್ಲಿಗೂ ಹೋಗದೆ, ನಿಂತಲ್ಲೇ ನಿಧಾನವಾಗಿ ಸುತ್ತುತ್ತಿದ್ದವು. ಏರಿಯುದ್ದಕ್ಕೂ ವಟಗುಟ್ಟುತ್ತಿದ್ದ ಕಪ್ಪೆಗಳು ಮೋಟಿನ ಹತ್ತಿರ ಸುಮ್ಮನಾಗಿದ್ದವು.

ಒಂದು ಭಾನುವಾರ ಜನವೆಲ್ಲ ಹೋದ ಮೇಲೆ ಬಾತು ಮೋಟಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದಳು. ಸೊಸೆ ಎಂಜಲು ಲೋಟಗಳ ಬುಟ್ಟಿ ಹೊತ್ತು ಅಲ್ಲಿಗೆ ಬಂದಾಗ ಮಗಳು ಬೆರಳು ತುಟಿಗಿಟ್ಟು ಸನ್ನೆ ಮಾಡಿದಳು.

"ಅಮ್ಮಾ, ಇದರೊಳಗೆ ಯಾರೋ ಪಾತ್ರೆ ತೊಳೀತಿದ್ದಾರೆ."

"ಏಳು, ಇರುವೆ ಕಚ್ಚುತ್ತೆ."

"ಅಜ್ಜಿ ತೊಳೆಯೋ ಹಾಗೇ ಇದೆ. ಒಂದು ಸಲ ಸುರಿಯೋದು, ಆಮೇಲೆ ನಿಲ್ಲಿಸೋದು."

ಸೊಸೆಗೆ ಕೈಯಲ್ಲಿದ್ದ ಬುಟ್ಟಿ ಭಾರವಾಯಿತು. ಕಿವಿಯಿಟ್ಟು ನೋಡುವ ಧೈರ್ಯ ಬರಲಿಲ್ಲ. ಮಗಳನ್ನು ಗದರಿಸಿ ಮನೆಗೆ ಎಬ್ಬಿಸಿಕೊಂಡು ಬಂದಳು. ಆ ಸಂಜೆ ಮೊಟ್ಟೆ ಕರಿಯುತ್ತ ಗಂಡನಿಗೆ ಹೇಳಿದರೆ, ತಾಯಿಗೂ ಮಗಳಿಗೂ ಬಿಡುವು ಹೆಚ್ಚಾಯಿತು ಎಂದು ನಕ್ಕ. ಅವನು ಒಳ್ಳೆಯ ಹುರುಪಿನಲ್ಲಿದ್ದ. ಮುಂದಿನ ಭಾನುವಾರಕ್ಕೆ ಒಂದು ಬಿಸ್ಕತ್ತು ಕಾರ್ಖಾನೆಯವರು ಹೆಂಡತಿ ಮಕ್ಕಳ ಸಮೇತ ಇಡೀ ದಿನ ಬರುತ್ತೇವೆಂದು ಒಪ್ಪಿದ್ದರು. ಅವರಿಗೆ ಹಿಡಿಸಿಬಿಟ್ಟರೆ ಪ್ರತಿ ತಿಂಗಳೂ ಬರುವ ಗಿರಾಕಿ. ಕೊಳ ತುಂಬಿ ತುಳುಕುವ ಹಾಗೆ ಕಾಣಬೇಕೆಂದು ಮಾರನೇ ದಿನ ಅವನು ಕೋಡಿಗೆ ಇನ್ನೊಂದು ಹಲಗೆ ಸೇರಿಸಿದ. ಅದೇ ವಾರ ಗುಡ್ಡದ ಮೇಲೆ ಮಳೆಯೂ ಬಿತ್ತು.

ಶನಿವಾರ ಸೊಸೆಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಹಂಡೆಯಲ್ಲಿ ಆಲೂಗಡ್ಡೆ ಬೇಯುತ್ತಿತ್ತು, ನೆಲದ ತುಂಬ ಈರುಳ್ಳಿ ಸಿಪ್ಪೆ, ಬಾತುವಿನ ಮುಂದೆ ಸುಲಿಯಬೇಕಾದ ಮೊಟ್ಟೆಗಳ ಗುಡ್ಡೆ. ಕಿಟಕಿಯ ಲೋಟದ ಕಡೆ ಅವಳ ಗಮನವೇ ಹೋಗಲಿಲ್ಲ. ಮಧ್ಯಾಹ್ನ ಬಿಸಿಲು ಕಿಟಕಿಗೆ ಬಂದಾಗ, ಬೆವರು ಒರೆಸಿಕೊಳ್ಳಲು ತಲೆಯೆತ್ತಿದವಳಿಗೆ ಅದು ಕಣ್ಣಿಗೆ ಬಿತ್ತು.

ಲೋಟದಲ್ಲಿ ಮೇಲಿನ ನೀರು ತಿಳಿಯಾಗಿತ್ತು. ತಳದಲ್ಲಿ ಒಂದು ಬೆರಳು ದಪ್ಪ ಕೆಂಪು ಮಣ್ಣು ಕೂತಿತ್ತು.

ಅವಳಿಗೆ ಬಂದದ್ದು ಸಿಟ್ಟು. ಇದೆಂಥ ಆಟ, ಈ ವಯಸ್ಸಿನಲ್ಲಿ ಕೆಸರು ತುಂಬಿ ತಂದಿಡುವುದು. ಲೋಟವನ್ನು ಎತ್ತಿಕೊಂಡು ಸೀದಾ ಮಾವನ ಕೋಣೆಗೆ ಹೋದಳು. ಅವರು ಮಂಚದ ಮೇಲೆ ಕಾಲು ನೀಡಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

"ಮಾವ, ನಿಮ್ಮ ಮನಸ್ಸಿಗೆ ಸಮಾಧಾನ ಆಗುತ್ತೆ ಅಂತ ನಾನು ಇಷ್ಟು ದಿನ ಏನೂ ಅನ್ನಲಿಲ್ಲ. ಆದ್ರೆ ಇಡೋದಾದ್ರೆ ಒಳ್ಳೆ ನೀರಾದ್ರೂ ಇಡಿ."

ಮಾವನ ಕೈ ಮಂಡಿಯ ಮೇಲೆ ನಿಂತಿತು. ಲೋಟವನ್ನೇ ನೋಡಿದರು. ಎಷ್ಟೋ ವಾರಗಳ ಮೇಲೆ ಬಾಯಿ ಬಿಟ್ಟದ್ದರಿಂದ ದನಿ ತುಕ್ಕು ಹಿಡಿದಿತ್ತು.

"ನಾನಿಡ್ತೀನಾ? ಏರಿ ಬುಡಕ್ಕೆ ಇಳಿದು ಹತ್ತೋಕೆ ಈ ಕಾಲಲ್ಲಿ ಆಗುತ್ತಾ ತಾಯಿ? ನೀನಲ್ವಾ ಇಡ್ತಿರೋದು?"

"ನಾನ್ಯಾಕೆ ಇಡಲಿ?"

"ಅವಳು ನಿನಗೆ ಹೇಳಿಕೊಟ್ಟಿದಾಳೆ ಅಂದ್ಕೊಂಡೆ. ಬೆಳಿಗ್ಗೆ ತಂದಿಡ್ತೀಯ, ಆಮೇಲೆ ನೋಡಿ ತೊಳೆದಿಡ್ತೀಯ. ಸದ್ಯ, ಮನೆಯಲ್ಲಿ ಒಬ್ಬರಾದ್ರೂ ನೋಡ್ತಿದಾರಲ್ಲ ಅಂತ ನಾನು ಬಾಯಿ ಮುಚ್ಚಿಕೊಂಡೆ." ಅವರು ಕೈ ಚಾಚಿದರು. "ಕೊಡು ಇಲ್ಲಿ."

ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹೇಳಿದ್ದನ್ನು ಸೊಸೆ ನಿಂತಲ್ಲೇ ಕೇಳಿದಳು. ಎಂಥ ಮಣ್ಣಿನ ಏರಿಯೂ ಕೊಂಚ ಒಸರುತ್ತದೆ. ಆ ಒಸರು ಹೊರಗೆ ಬರಲೆಂದೇ ಬುಡದಲ್ಲಿ ಒಂದು ಕೊಳವೆ ಇಟ್ಟಿದೆ. ಮನೆ ಕಟ್ಟುವಾಗ, ಏರಿಯ ಕೆಳಗೆ ಮಲಗಲು ತನ್ನಿಂದಾಗದು ಎಂದು ಅತ್ತೆ ಹಟ ಹಿಡಿದಿದ್ದರಂತೆ. ಬರುವ ನೀರು ತಿಳಿಯಾಗಿರುವ ತನಕ ಏರಿ ಗಟ್ಟಿ, ನೀರಿನ ಜೊತೆ ಮಣ್ಣು ಬಂದರೆ ಏರಿಯೇ ಒಳಗಿನಿಂದ ಕರಗಿ ಹೊರಗೆ ಬರುತ್ತಿದೆ ಎಂದರ್ಥ ಎಂದು ಮಾವ ಹೇಳಿದ್ದರು. ಸರಿ, ನಿಮ್ಮನ್ನು ನಂಬುವುದಿಲ್ಲ, ನೀರನ್ನು ನಂಬುತ್ತೇನೆ ಎಂದ ಅತ್ತೆ ಅಂದಿನಿಂದ ಸಾಯುವವರೆಗೆ ದಿನವೂ ಒಂದು ಲೋಟ ಹಿಡಿದು ತಂದು, ಮಧ್ಯಾಹ್ನದವರೆಗೆ ಕಿಟಕಿಯಲ್ಲಿಟ್ಟು, ತಳ ನೋಡಿ ಚೆಲ್ಲುತ್ತಿದ್ದರು.

ಸೊಸೆ ಚೆಲ್ಲುತ್ತಿದ್ದದ್ದು ಒಲೆ ಹಚ್ಚಿದ ಕೂಡಲೇ, ತಳಕ್ಕೆ ಏನೂ ಕೂರುವ ಮೊದಲೇ. ಮಣ್ಣು ಎಂದಿನಿಂದ ಬರುತ್ತಿತ್ತೋ. ಅಡುಗೆಮನೆಯ ನಸುಕಿನಲ್ಲಿ ಅವಳು ನೋಡಿರಲೇ ಇಲ್ಲ.

"ಹಾಗಾದ್ರೆ ಇಡ್ತಿರೋದು ಯಾರು ಮಾವ?"

ಅವರು ಕೋಲಿಗಾಗಿ ತಡಕಾಡುತ್ತ, "ಅವನನ್ನ ಕರಿ" ಎಂದರು.

ಸೊಸೆ ಕರೆಯಲು ನಿಲ್ಲದೆ ಮೊದಲು ಹಿತ್ತಲಿಗೆ ಓಡಿದಳು. ಏರಿಯ ಬುಡಕ್ಕೆ ಇವರ್ಯಾರೂ ಹೋಗಿ ವರ್ಷಗಳಾಗಿದ್ದವು. ಎದೆಯೆತ್ತರ ಹುಲ್ಲು ಬೆಳೆದಿತ್ತು. ಆ ಹುಲ್ಲಿನ ನಡುವೆ ಹಿಂಬಾಗಿಲಿನಿಂದ ಕೊಳವೆಯವರೆಗೆ ಒಂದು ಕಾಲುದಾರಿ ಸವೆದಿತ್ತು. ಒಬ್ಬರೇ ಒಬ್ಬರು, ದಿನಾ ನಡೆದ ಅಗಲ. ಅವಳು ಒಂದು ಗಳಿಗೆ ನಿಂತುಬಿಟ್ಟಳು, ಆಮೇಲೆ ಆ ದಾರಿಯಲ್ಲೇ ನಡೆದಳು. ಕೊಳವೆಯಿಂದ ಚಹಾದ ಬಣ್ಣದ ನೀರು ಮಣಿಕಟ್ಟಿನ ದಪ್ಪಕ್ಕೆ ಸುರಿಯುತ್ತಿತ್ತು. ಸುರಿದು, ನಿಂತು, ಮತ್ತೆ ಸುರಿಯುತ್ತಿತ್ತು. ಮಗಳು ಹೇಳಿದ ಹಾಗೆಯೇ.

ಗಂಡ ಕೋಡಿಯ ಹತ್ತಿರ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದ. ಅವಳು ಮಾತಾಡದೆ ಅಂಗಡಿಯ ಪಕ್ಕದಿಂದ ಹಾರೆ ತಂದು ಮೊದಲ ಹಲಗೆಯ ಸಂದಿಗೆ ಹಾಕಿದಳು. ಅವನು ಕುಂಚ ಬಿಸಾಕಿ ಬಂದು ಹಾರೆ ಹಿಡಿದುಕೊಂಡ. ತಲೆ ಕೆಟ್ಟಿದೆಯಾ, ನಾಳೆ ಅಷ್ಟು ಜನ ಬರುತ್ತಾರೆ, ಒಂದೇ ಒಂದು ದಿನ ತಡೆ, ಸೋಮವಾರ ನಾನೇ ತೆಗೆಯುತ್ತೇನೆ ಎಂದ.

"ನಾಳೆ ಬರೋರ ಮಕ್ಕಳು ಎಲ್ಲಿ ಆಡ್ತಾರೆ ಗೊತ್ತಾ? ಈ ಏರಿ ಮೇಲೆ. ನಮ್ಮ ಮಗಳು ಎಲ್ಲಿ ಮಲಗ್ತಾಳೆ? ಇದರ ಕೆಳಗೆ." ಅವಳು ಹಾರೆಯ ಹಿಡಿತ ಬಿಡಲಿಲ್ಲ. "ಈ ಅಂಗಡಿ ನಿಮಗಿಂತ ನನಗೆ ಬೇಕು ರೀ. ನನಗೆ ಬೇಕಾಗಿದ್ದನ್ನ ನಾನೇ ಕೀಳ್ತಿದೀನಿ. ಬಿಡಿ ಹಾರೆ."

ಅಷ್ಟರಲ್ಲಿ ಮಾವ ಬಾತುವಿನ ಹೆಗಲು ಹಿಡಿದು ಏದುಸಿರು ಬಿಡುತ್ತ ಹೇಗೋ ಏರಿಯ ಮೇಲೆ ಬಂದಿದ್ದರು. ಅವರು ಮಗನನ್ನು ಬೈಯಲಿಲ್ಲ. ಕೋಲೆತ್ತಿ ನೀರಿನ ಕಡೆ ತೋರಿಸಿದರು, ಅಷ್ಟೇ. ಆಗ ತಾನೇ ಬಣ್ಣ ಬಳಿದು ಕಟ್ಟಿದ್ದ ಹಂಸವೊಂದು, ಎಲ್ಲರೂ ನೋಡುತ್ತಿದ್ದ ಹಾಗೆ, ಗಾಳಿಗೆ ಎದುರಾಗಿ, ಯಾರೋ ಕೂತು ತುಳಿಯುತ್ತಿರುವಂತೆ ಮೋಟಿನ ಕಡೆಗೆ ಹೊರಟಿತ್ತು. ಸೀಟುಗಳು ಖಾಲಿ. ಗಂಡ ಹಾರೆಯನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು ತಾನೇ ಮೀಟಿದ.

ನೆನೆದು ಉಬ್ಬಿದ ಹಲಗೆಗಳು ಸುಲಭಕ್ಕೆ ಬರಲಿಲ್ಲ. ಬಂದ ಮೇಲೆ ಕೋಡಿ ಭೋರೆಂದಿತು. ಮಾವ ಹೇಳಿದ ಹಾಗೆ ಕೊಳದ ತಳದ ನೀರು ಬಿಡುವ ತೂಬಿನ ಬಾಗಿಲನ್ನೂ ಎತ್ತಿದರು. ಬಿಸ್ಕತ್ತು ಕಾರ್ಖಾನೆಯವರಿಗೆ ಬರಬೇಡಿ ಎಂದು ಫೋನು ಮಾಡಿದ್ದು ಸೊಸೆಯೇ; ಕಾರಣ ಕೇಳಿದರೆ ನೀರು ಸರಿಯಿಲ್ಲ ಎಂದಳು. ಬೆಂದ ಆಲೂಗಡ್ಡೆ, ಸುಲಿದ ಮೊಟ್ಟೆ, ಹಾಸಿಗೆಗಳನ್ನು ಹೊತ್ತು ಎಲ್ಲರೂ ಗುಡ್ಡದ ಮೇಲೆ ಹೋದರು. ಅಪ್ಪ ಮಗ ಒಂದೇ ತಟ್ಟೆಯ ಮೊಟ್ಟೆಗೆ ಕೈಹಾಕಿದ್ದು ಎಷ್ಟೋ ವಾರಗಳ ಮೇಲೆ ಅಂದೇ.

ಬೆಳಕು ಹರಿದಾಗ ಏರಿ ಮೋಟಿನ ಜಾಗದಲ್ಲಿ ಕುಸಿದಿತ್ತು. ಒಂದು ಲಾರಿ ಹಾಯುವಷ್ಟು ಬಾಯಿ. ಸತ್ತ ಮರದ ಬೇರು ಒಳಗೇ ಕೊಳೆತು, ಅದರ ಜಾಗದಲ್ಲಿ ನೀರು ಸುರಂಗ ಕೊರೆದುಕೊಂಡಿತ್ತು. ಕೊಳ ಅಷ್ಟರೊಳಗೆ ಅರ್ಧಕ್ಕಿಳಿದಿದ್ದರಿಂದ ಬಂದ ನೀರು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಉರುಳಿಸಿ, ಅಡುಗೆಮನೆಯ ಹೊಸ್ತಿಲನ್ನು ಮುಟ್ಟಿ ನಿಂತಿತ್ತು. ಕೊಳ ತುಂಬಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹಂಸವೊಂದು ಆ ಬಾಯಿಯಲ್ಲಿ ಸಿಕ್ಕಿಕೊಂಡು, ಕತ್ತೆತ್ತಿ ಮನೆಯನ್ನೇ ನೋಡುತ್ತಿತ್ತು. ಹೆಚ್ಚಿನ ಹುಲ್ಲು ಮಣ್ಣಿನಡಿ ಹೋಗಿತ್ತು, ಜೊತೆಗೆ ಆ ಕಾಲುದಾರಿಯೂ.

ಏರಿಯನ್ನು ಮತ್ತೆ ಕಟ್ಟಿದರು. ಮಾವ ಕುರ್ಚಿ ಹಾಕಿಸಿಕೊಂಡು ಕೂತು, ಬೇರನ್ನೆಲ್ಲ ಅಗೆಸಿ, ಪದರ ಪದರವಾಗಿ ಮಣ್ಣು ದಮ್ಮಸು ಮಾಡಿಸಿದರು. ಹಳೆಯದಕ್ಕಿಂತ ಗಿಡ್ಡ ಏರಿ, ಅಗಲವಾದ ಕೋಡಿ, ಕೊಳ ಚಿಕ್ಕದಾಯಿತು. ದೋಣಿಗಳಲ್ಲಿ ಅರ್ಧ ಮಾರಿದರು. ಗಂಡ ವಾರದಲ್ಲಿ ಕೆಲವು ದಿನ ಟೈಲ್ಸ್ ಕೆಲಸಕ್ಕೆ ಮರಳಿದ. ಸೊಸೆಯ ಅಂಗಡಿ ಉಳಿಯಿತು. ಮೆಷಿನ್ನಿನ ಮುಂದೆ ಕೂರುವುದು ತಪ್ಪಿತಲ್ಲ ಎಂದು ಅವಳು ಒಬ್ಬಳೇ ಇರುವಾಗ ಸ್ವಲ್ಪ ಅತ್ತಳು.

ಇಷ್ಟು ದಿನ ಲೋಟ ಹಲಗೆಯ ಮೇಲೇ ಇತ್ತು. ಒಮ್ಮೆಯೂ ಕಿಟಕಿಗೆ ಬರಲಿಲ್ಲ. ಬೆಳಿಗ್ಗೆ ಅಡುಗೆಮನೆಗೆ ಕಾಲಿಡುವಾಗ ಸೊಸೆ ಮೊದಲು ಅತ್ತಲೇ ನೋಡುವಳು; ಬರಿದಾದ ಕಿಟಕಿ ಕಂಡು ನಿರಾಳವಾಗುವ ಬದಲು ಯಾರೋ ತನ್ನ ಮೇಲೆ ಮುನಿಸಿಕೊಂಡಂತೆ ಸಂಕಟವಾಗುವುದು.

ಹೊಸ ಕೊಳ ತುಂಬಿ, ಬುಡದ ಕೊಳವೆಯಲ್ಲಿ ಮೊದಲ ಒಸರು ಕಾಣಿಸಿಕೊಂಡಿತು ಎಂದು ಮಾವ ಹೇಳಿದ ಮರುದಿನ ಅವಳು ಬೇಗ ಎದ್ದಳು. ಹಿಂಬಾಗಿಲಿನ ಅಗುಳಿ ಹಾಕಿದ ಹಾಗೇ ಇತ್ತು, ನೆಲ ಒಣಗಿತ್ತು. ಲೋಟ ತೆಗೆದುಕೊಂಡು, ಚಪ್ಪಲಿ ಹಾಕಿಕೊಳ್ಳದೆ, ಹೊಸ ಮಣ್ಣಿನ ಮೇಲೆ ನಡೆದು ಹೋಗಿ ಹಿಡಿದು ತಂದಳು. ಮುಕ್ಕನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು. ಅವಳ ಒದ್ದೆ ಕಾಲಿನ ಗುರುತು ಬಾಗಿಲಿನಿಂದ ಕಿಟಕಿಯವರೆಗೆ ಸಾಲಾಗಿ ಬಿದ್ದಿತ್ತು. ಹಿಂದೆ ತಾನು ದಿನಾ ಒರೆಸುತ್ತಿದ್ದದ್ದೂ ಹೀಗೇ ಇತ್ತು ಎಂದು ಅವಳಿಗೆ ನೆನಪಾಯಿತು. ಈ ಸಲ ಒರೆಸಲಿಲ್ಲ.

ತಿಂಡಿಗೆ ಎಲ್ಲರೂ ಬಂದರು, ಮಾವ ಕೂಡ. ಕಿಟಕಿಯನ್ನು ಮೊದಲು ಕಂಡವಳು ಬಾತು. ಅವಳ ಕೈಯಲ್ಲಿದ್ದ ಬ್ರೆಡ್ಡು ಅರ್ಧದಲ್ಲೇ ನಿಂತಿತು. ಗಂಡನೂ ಮಾವನೂ ಅತ್ತ ತಿರುಗಿ, ಹಾಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಲೋಟ ಯಾರಿಟ್ಟಿದ್ದು?" ಎಂದಳು ಬಾತು, ಮೆಲ್ಲನೆ.

"ನಾನು," ಎಂದಳು ಸೊಸೆ.

ಮಧ್ಯಾಹ್ನದವರೆಗೆ ಅದನ್ನು ಯಾರೂ ಮುಟ್ಟಲಿಲ್ಲ.